ಬಾಯಿಂಕ್‌ನ ಪಾಲುಲೆಕ್ಕಕ್ಕೆ ಅಂಟಿದ ಕೆಟ್ಟ ಹೆಸರು

ಮನೆಯ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ವಿಜ್ಞಾನಕ್ಕೆ ಕೊಡುವವರಲ್ಲಿ ಒಂದು ಮಾತು ಗಟ್ಟಿಯಾಗಿ ಬೇರೂರಿದೆ: ಬಾಯಿಂಕ್ ನಾವು ಹೇಳಿದಂತೆ ಕೇಳುವುದಿಲ್ಲ, ಎರಡು ಪ್ರಾಜೆಕ್ಟಿಗೆ ಸಮಪಾಲು ಕೊಟ್ಟರೂ ಒಂದನ್ನೇ ಓಡಿಸುತ್ತದೆ. ಬರ್ಕ್ಲಿಯಲ್ಲಿ ಡೇವಿಡ್ ಆಂಡರ್‌ಸನ್ ಮತ್ತು ಸಂಗಡಿಗರು ಕಟ್ಟಿದ ಈ ತಂತ್ರಾಂಶದ ‘ರಿಸೋರ್ಸ್ ಶೇರ್’ ವ್ಯವಸ್ಥೆಗೆ ಬಂದ ಈ ಹೆಸರು ಶುದ್ಧ ಅನ್ಯಾಯ. ಸೆಟಿ ಅಟ್ ಹೋಮ್‌ನಿಂದ ಬಾಯಿಂಕ್ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ನೇರವಾಗಿ ಪಾಲಿನ ವಿಷಯಕ್ಕೆ ಬರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರನ್ನೇ ಬಿಡಿಸಿ ನೋಡೋಣ. ಒಬ್ಬರು ಐನ್‌ಸ್ಟೀನ್ ಅಟ್ ಹೋಮ್‌ಗೆ 100, ರೊಸೆಟಾ ಅಟ್ ಹೋಮ್‌ಗೆ 100 ಎಂದು ಪಾಲು ಇಟ್ಟಿದ್ದಾರೆ. ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡೂ ಇದೆ. ವಾರ ಕಳೆದು ನೋಡಿದರೆ ಪ್ರೊಸೆಸರಿನ ಕೋರ್‌ಗಳಲ್ಲೆಲ್ಲ ರೊಸೆಟಾವೇ ಕೂತಿದೆ, ಐನ್‌ಸ್ಟೀನ್‌ನ ಒಂದು ಸಿಪಿಯು ಟಾಸ್ಕೂ ಇಲ್ಲ. ಕೆಟ್ಟುಹೋಗಿದೆ ಅನ್ನುತ್ತಾರೆ. ಕೆಟ್ಟಿಲ್ಲ. ರೊಸೆಟಾದ ಬಳಿ ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಕೆಲಸವೇ ಇಲ್ಲ, ಹಾಗಾಗಿ ಕಾರ್ಡು ಪೂರ್ತಿ ಐನ್‌ಸ್ಟೀನ್‌ನ ಪಲ್ಸಾರ್ ಹುಡುಕಾಟಕ್ಕೆ ಹೋಗುತ್ತದೆ. ಬಾಯಿಂಕ್ ಎಣಿಸುವುದು ಗಂಟೆಗಳನ್ನಲ್ಲ, ಗಣನೆಯ ಅಂದಾಜು ಪ್ರಮಾಣವನ್ನು. ಆ ಅಂದಾಜಿನಲ್ಲಿ ಕಾರ್ಡಿನ ಒಂದು ಗಂಟೆ ಕೋರ್‌ನ ಒಂದು ಗಂಟೆಗಿಂತ ಎಷ್ಟೋ ಪಟ್ಟು ದೊಡ್ಡದು. ಐನ್‌ಸ್ಟೀನ್ ತನ್ನ ಪಾಲು ಮೀರಿ ಉಂಡಾಗಿದೆ, ಉಳಿದದ್ದೆಲ್ಲ ರೊಸೆಟಾದ ಎಲೆಗೇ ಬೀಳಬೇಕು. ದೂರುವವರು ತಪ್ಪು ಎಂದು ತೋರಿಸುವ ಜಾಗದಲ್ಲೇ ಈ ಲೆಕ್ಕ ಅತ್ಯಂತ ಸರಿಯಾಗಿದೆ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಆವೃತ್ತಿಗಳು ಪ್ರಾಜೆಕ್ಟುಗಳ ನಡುವೆ ಸಾಲದ ಖಾತೆ ಇಡುತ್ತಿದ್ದವು. ಏಳನೆಯ ಆವೃತ್ತಿಯಿಂದ ಅದರ ಜಾಗಕ್ಕೆ ಇತ್ತೀಚಿನ ಕೆಲಸದ ಸರಾಸರಿ ಬಂತು. ಇವತ್ತು ಮಾಡಿದ ಕೆಲಸದ ತೂಕ 10 ದಿನಕ್ಕೆ ಅರ್ಧವಾಗುತ್ತದೆ, 20 ದಿನಕ್ಕೆ ಕಾಲು. ಅಂದಮೇಲೆ ಒಂದು ಸಂಜೆ ಕೂತು ಯಾವುದು ಎಷ್ಟು ಓಡಿತು ಎಂದು ಅಳೆಯುವುದಕ್ಕೆ ಅರ್ಥವೇ ಇಲ್ಲ. 100, 50, 50 ಎಂದರೆ ಅರ್ಧ, ಕಾಲು, ಕಾಲು. ಅದು ಈ ಸರಾಸರಿಯಲ್ಲಿ ಸಿಗುವ ಅನುಪಾತ, ಟಾಸ್ಕ್ ಪಟ್ಟಿಯಲ್ಲಿ ಕಾಣುವ ಅನುಪಾತವಲ್ಲ.

ಹಾಗಾದರೆ ಅನುಪಾತ ನಿಜವಾಗಿ ಕದಡುವುದೆಲ್ಲಿ? ಬಹುಪಾಲು ನಮ್ಮ ಕೈಯಿಂದಲೇ. ಕೆಲಸ ಖಾಲಿಯಾದೀತು ಎಂಬ ಭಯಕ್ಕೆ ಹತ್ತು ದಿನದ ಟಾಸ್ಕ್ ತುಂಬಿಸಿಕೊಳ್ಳುವವರಿದ್ದಾರೆ. ರೊಸೆಟಾದ ಗಡುವು ಸಾಮಾನ್ಯವಾಗಿ ಮೂರೇ ದಿನ. ದಿನಕ್ಕೆ ನಾಲ್ಕು ಗಂಟೆ ಓಡುವ ಕಂಪ್ಯೂಟರಿನಲ್ಲಿ ಆ ರಾಶಿ ಮುಗಿಯುವುದು ಹೇಗೆ? ಗಡುವು ತಪ್ಪುವ ಸೂಚನೆ ಸಿಕ್ಕ ಕೂಡಲೇ ಬಾಯಿಂಕ್ ಪಾಲನ್ನು ಬದಿಗಿಟ್ಟು ತುರ್ತಿನದನ್ನು ಮೊದಲು ಓಡಿಸುತ್ತದೆ. ಆಗ ಒಡೆಯ ಗಾಬರಿಯಾಗಿ ಒಂದನ್ನು ಸಸ್ಪೆಂಡ್ ಮಾಡುತ್ತಾನೆ, ಇನ್ನೊಂದನ್ನು ಅಬಾರ್ಟ್ ಮಾಡುತ್ತಾನೆ, ಸರಾಸರಿ ಇನ್ನಷ್ಟು ಕದಡುತ್ತದೆ.

ಒಂದು ದೋಷ ಮಾತ್ರ ತಂತ್ರಾಂಶದ್ದೇ. ಯಾಕೆ ಹೀಗೆ ಹಂಚಿದೆ ಎಂದು ಅದು ಬಿಡಿಸಿ ಹೇಳುವುದಿಲ್ಲ. ಪ್ರಾಜೆಕ್ಟಿನ ಪ್ರಾಪರ್ಟೀಸ್ ತೆರೆದರೆ ‘ಷೆಡ್ಯೂಲಿಂಗ್ ಪ್ರಯಾರಿಟಿ’ ಎಂಬ ಋಣಸಂಖ್ಯೆಯೊಂದು ಕಾಣುತ್ತದೆ, ಅಷ್ಟೆ. ಸೊನ್ನೆಗೆ ಹತ್ತಿರವಿರುವ ಪ್ರಾಜೆಕ್ಟಿಗೆ ಮುಂದಿನ ಸರದಿ ಎಂದು ಹೊಸಬರಿಗೆ ಯಾರು ಹೇಳಬೇಕು?

ಇನ್ನು ‘ಒಂದು ಯಂತ್ರ, ಒಂದೇ ಪ್ರಾಜೆಕ್ಟ್’ ಎನ್ನುವ ಶುದ್ಧವಾದಿಗಳು. ಬೆರಕೆ ಮಾಡಿದರೆ ಯಾವುದಕ್ಕೂ ಪೂರ್ತಿ ಶಕ್ತಿ ಸಿಗದು ಎಂಬುದು ಅವರ ವಾದ. ಇದನ್ನು ನಾನು ಒಪ್ಪುವುದೇ ಇಲ್ಲ. 2020ರ ಮಾರ್ಚ್ 31ಕ್ಕೆ ಸೆಟಿ ಅಟ್ ಹೋಮ್ ಕೆಲಸ ಹಂಚುವುದನ್ನು ನಿಲ್ಲಿಸಿತು. ವರ್ಲ್ಡ್ ಕಮ್ಯುನಿಟಿ ಗ್ರಿಡ್ ಐಬಿಎಂನಿಂದ ಕೆನಡಾದ ಕ್ರೆಂಬಿಲ್ ಸಂಸ್ಥೆಗೆ ಹೋದಾಗ 2022ರಲ್ಲಿ ತಿಂಗಳುಗಟ್ಟಲೆ ಸ್ಥಗಿತವಾಗಿತ್ತು. ಒಂದನ್ನೇ ನಂಬಿದವರ ಯಂತ್ರಗಳಿಗೆ ಆಗ ಏನಿತ್ತು ಕೆಲಸ? ಇದಕ್ಕೆಂದೇ ಬಾಯಿಂಕ್‌ನಲ್ಲಿ ಸೊನ್ನೆ ಪಾಲಿನ ಸೌಲಭ್ಯವಿದೆ. ಪಾಲು 0 ಇಟ್ಟ ಪ್ರಾಜೆಕ್ಟ್ ಉಳಿದವುಗಳ ಹತ್ತಿರ ಕೆಲಸವಿಲ್ಲದಾಗಷ್ಟೇ ಟಾಸ್ಕ್ ತರಿಸುತ್ತದೆ. ಇಡೀ ವ್ಯವಸ್ಥೆಯ ಅತಿ ಜಾಣ ಭಾಗ ಇದು, ಬಳಸುವವರು ಮಾತ್ರ ಕಡಿಮೆ. ಕ್ರೆಡಿಟ್ ಅಂಕಗಳಿಂದ ಸಮತೋಲ ಅಳೆಯುವವರ ವಾದವಂತೂ ನಿಲ್ಲುವುದೇ ಇಲ್ಲ: ಒಂದೇ ಹೊತ್ತಿನ ದುಡಿಮೆಗೆ ಬೇರೆ ಬೇರೆ ಪ್ರಾಜೆಕ್ಟುಗಳು ಬೇರೆ ಬೇರೆ ಅಂಕ ಕೊಡುತ್ತವೆ.

ಎರಡು ಪ್ರಾಜೆಕ್ಟಿಗೆ ಪಾಲು, ಮೂರನೆಯದಕ್ಕೆ ಸೊನ್ನೆ, ಅರ್ಧ ದಿನದ ದಾಸ್ತಾನು. ಮನೆಯ ಕಂಪ್ಯೂಟರಿಗೆ ಇಷ್ಟು ಸಾಕು. ದಾಸ್ತಾನು ಚಿಕ್ಕದಿರಲಿ ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಐನ್‌ಸ್ಟೀನ್‌ನಂಥ ಪ್ರಾಜೆಕ್ಟುಗಳು ಒಂದೇ ಟಾಸ್ಕನ್ನು ಸಾಮಾನ್ಯವಾಗಿ ಇಬ್ಬರಿಗೆ ಕಳಿಸಿ ಫಲಿತಾಂಶ ತಾಳೆ ನೋಡುತ್ತವೆ. 2010ರಲ್ಲಿ ಪ್ರಕಟವಾದ ಜೆ2007+2722 ಪಲ್ಸಾರ್, ಅರೆಸಿಬೋ ದೂರದರ್ಶಕದ ದತ್ತಾಂಶದಲ್ಲಿ ಸಿಕ್ಕಿದ್ದು ಅಯೋವಾದ ದಂಪತಿಯೊಬ್ಬರ ಹಾಗೂ ಜರ್ಮನಿಯ ಮೈನ್ಟ್ಸ್‌ನ ಒಬ್ಬರ ಕಂಪ್ಯೂಟರುಗಳಿಂದ. ನಮ್ಮ ಯಂತ್ರದಲ್ಲಿ ಹತ್ತು ದಿನ ಸುಮ್ಮನೆ ಬಿದ್ದಿರುವ ಟಾಸ್ಕಿನ ಜೋಡಿಯನ್ನು ಎಲ್ಲೋ ಒಬ್ಬರು ಮೊದಲ ದಿನವೇ ಮುಗಿಸಿ ಕಳಿಸಿರುತ್ತಾರೆ. ನಮ್ಮದು ತಲುಪುವವರೆಗೆ ಅವರ ಫಲಿತಾಂಶ ‘ಪೆಂಡಿಂಗ್’ ಎಂದೇ ಉಳಿಯುತ್ತದೆ.