ಸ್ವನಿರ್ಮಿತ ವಿಮಾನಗಳಲ್ಲಿ ರೋಟರಿ ಎಂಜಿನು: ಒಂದು ವಿಮರ್ಶೆ

ತಾನೇ ಕಟ್ಟಿದ ವಿಮಾನದಲ್ಲಿ ತಾನೇ ಕುಳಿತು ಹಾರಬೇಕೆಂಬ ಹಂಬಲವು ವಿಮಾನದಷ್ಟೇ ಹಳೆಯದು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನವು ಸೈಕಲ್ ಅಂಗಡಿಯೊಂದರಲ್ಲಿ ಸಿದ್ಧವಾದದ್ದು. ಅದರ ಎಂಜಿನನ್ನು ಸಹ ಅದೇ ಅಂಗಡಿಯ ಕುಶಲಕರ್ಮಿಯಾದ ಚಾರ್ಲ್ಸ್ ಟೇಲರನೇ ನಿರ್ಮಿಸಿದನು. ಆದರೆ ಅನಂತರದ ಹವ್ಯಾಸಿಗಳಲ್ಲಿ ರೆಕ್ಕೆಯನ್ನೂ ಒಡಲನ್ನೂ ಕಟ್ಟಬಲ್ಲವರು ಬಹುಮಂದಿ, ಎಂಜಿನನ್ನು ಮಾಡಬಲ್ಲವರು ವಿರಳ. ಆದಕಾರಣ ಯಾವ ಎಂಜಿನನ್ನು ತರಬೇಕೆಂಬುದೇ ಅವರ ಮುಂದಿರುವ ದೊಡ್ಡ ಪ್ರಶ್ನೆಯಾಯಿತು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿಯವರು ಪ್ರಯೋಗಶೀಲ ವಿಮಾನ ಸಂಘವನ್ನು ಸ್ಥಾಪಿಸಿದಂದಿನಿಂದ ಈ ಪ್ರಶ್ನೆಗೆ ನಾನಾ ಉತ್ತರಗಳು ಬಂದಿವೆ. ಅವುಗಳಲ್ಲಿ ಅತ್ಯಂತ ಉತ್ಸಾಹದಿಂದ ಪ್ರತಿಪಾದಿತವಾದದ್ದೂ ಅಷ್ಟೇ ತೀವ್ರವಾಗಿ ಖಂಡಿತವಾದದ್ದೂ ಒಂದೇ: ಮೋಟಾರು ಕಾರಿನಿಂದ ತೆಗೆದ ವ್ಯಾಂಕೆಲ್ ರೋಟರಿ ಎಂಜಿನು. ಈ ಪಕ್ಷದ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ತೂಗಿನೋಡುವುದೇ ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಬೇಕು. ವಿಮಾನಚರಿತ್ರೆಯಲ್ಲಿ ‘ರೋಟರಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. 1909ರ ಸುಮಾರಿಗೆ ಫ್ರಾನ್ಸಿನ ಸೆಗಾನ್ ಸಹೋದರರು ಪ್ರಸಿದ್ಧಿಗೆ ತಂದ ನೋಮ್ ಎಂಜಿನಿನಲ್ಲಿ ದಂಡವು ಸ್ಥಿರವಾಗಿದ್ದು, ಸಿಲಿಂಡರುಗಳೇ ಪ್ರೊಪೆಲರಿನೊಡನೆ ಸುತ್ತುತ್ತಿದ್ದವು. ಹರಳೆಣ್ಣೆಯನ್ನು ಉಗುಳುತ್ತ ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳನ್ನು ಎಳೆದದ್ದು ಈ ವರ್ಗದ ಎಂಜಿನು. ಅದರಲ್ಲಿಯೂ ಪಿಸ್ಟನ್ನುಗಳುಂಟು, ಕವಾಟಗಳುಂಟು. ನಾವು ವಿಮರ್ಶಿಸಹೊರಟಿರುವುದು ಅದನ್ನಲ್ಲ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲನ ಕಲ್ಪನೆಯಿಂದ ಹುಟ್ಟಿ, ಎನ್‌ಎಸ್‌ಯು ಸಂಸ್ಥೆಯಲ್ಲಿ 1957ರಲ್ಲಿ ಮೊದಲಬಾರಿಗೆ ಓಡಿ, ಹಾನ್ಸ್ ಡೀಟರ್ ಪಾಷ್ಕೆಯ ಪರಿಷ್ಕಾರದಿಂದ ಇಂದಿನ ರೂಪವನ್ನು ಪಡೆದ ಎಂಜಿನೇ ಇಲ್ಲಿಯ ವಿಷಯ. ಇದರಲ್ಲಿ ಎಂಟರ ಅಂಕಿಯನ್ನು ಸ್ವಲ್ಪ ಹೋಲುವ ಕೋಶವೊಂದರೊಳಗೆ, ಉಬ್ಬಿದ ಭುಜಗಳುಳ್ಳ ತ್ರಿಕೋಣಾಕಾರದ ರೋಟರು ತಿರುಗುತ್ತದೆ. ರೋಟರು ಒಂದು ಸುತ್ತು ಸುತ್ತುವಷ್ಟರಲ್ಲಿ ದಂಡವು ಮೂರು ಸುತ್ತು ಸುತ್ತುತ್ತದೆ. ಎಳೆತ, ಒತ್ತುವಿಕೆ, ದಹನ, ಹೊರದೂಡುವಿಕೆ ಎಂಬ ನಾಲ್ಕು ಕ್ರಿಯೆಗಳೂ ತ್ರಿಕೋಣದ ಮೂರು ಮುಖಗಳಲ್ಲಿ ಒಂದರ ಹಿಂದೊಂದರಂತೆ ನಡೆಯುತ್ತವೆ. ಜಪಾನಿನ ಮಾಜ್ದಾ ಸಂಸ್ಥೆಯು 1967ರಲ್ಲಿ ಎರಡು ರೋಟರುಗಳ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆಯ 13ಬಿ ಎಂಬ ಎಂಜಿನು ಆರ್‌ವಿ, ಕೋಜಿ ಮೊದಲಾದ ಮಾದರಿಗಳ ಸ್ವನಿರ್ಮಿತ ವಿಮಾನಗಳಲ್ಲಿ ಹಾರಿರುತ್ತದೆ.

ಈಗ ಪೂರ್ವಪಕ್ಷವನ್ನು ಕೇಳೋಣ. ರೋಟರಿ ಎಂಜಿನಿನ ಪಕ್ಷಪಾತಿಗಳು ಮುಖ್ಯವಾಗಿ ಮೂರು ಗುಣಗಳನ್ನು ಹೇಳುತ್ತಾರೆ. ಒಂದು, ಅಲ್ಪಗಾತ್ರದಿಂದ ಬಹುಶಕ್ತಿ. ಎರಡು, ರಚನೆಯ ಸರಳತೆ. ಮೂರು, ಥಟ್ಟನೆ ನಿಂತುಹೋಗದಿರುವ ಸ್ವಭಾವ. ಅಗ್ಗದ ಬೆಲೆಯನ್ನು ನಾಲ್ಕನೆಯದಾಗಿ ಸೇರಿಸುವವರೂ ಉಂಟು.

ಮೊದಲನೆಯದನ್ನು ನೋಡೋಣ. ಕೇವಲ 1308 ಘನ ಸೆಂಟಿಮೀಟರುಗಳ ಎಂಜಿನು 5916 ಘನ ಸೆಂಟಿಮೀಟರುಗಳ ಲೈಕಮಿಂಗ್ ಓ-360ಕ್ಕೆ ಸಾಟಿಯಾಗುತ್ತದೆಂದು ಕೇಳಿದಾಗ ವಿದ್ಯಾರ್ಥಿಗೆ ಆಶ್ಚರ್ಯವಾಗುವುದು ಸಹಜ. ಆದರೆ ಇದು ಎಣಿಕೆಯ ಕ್ರಮದಿಂದ ಹುಟ್ಟಿದ ಆಶ್ಚರ್ಯವೇ ಹೊರತು ಯಂತ್ರದಿಂದ ಹುಟ್ಟಿದ್ದಲ್ಲ. ಲೈಕಮಿಂಗ್ ಎಂಜಿನು ತನ್ನ ಪೂರ್ಣ ಗಾತ್ರದಷ್ಟು ಗಾಳಿಯನ್ನು ದಂಡದ ಎರಡು ಸುತ್ತುಗಳಿಗೊಮ್ಮೆ ಸೇವಿಸುತ್ತದೆ. ನಿಮಿಷಕ್ಕೆ 2700 ಸುತ್ತುಗಳಲ್ಲಿ ಅದು ಎಳೆದುಕೊಳ್ಳಬಲ್ಲ ಗಾಳಿ ಸುಮಾರು 7990 ಲೀಟರು. 13ಬಿ ಎಂಜಿನಿನಲ್ಲಿ ಒಂದೊಂದು ರೋಟರೂ ದಂಡದ ಪ್ರತಿ ಸುತ್ತಿಗೂ 654 ಘನ ಸೆಂಟಿಮೀಟರುಗಳಷ್ಟನ್ನು ಸೇವಿಸುವುದರಿಂದ, ನಿಮಿಷಕ್ಕೆ 6000 ಸುತ್ತುಗಳಲ್ಲಿ ಎರಡು ರೋಟರುಗಳಿಗೂ ಸೇರಿ ಸುಮಾರು 7850 ಲೀಟರು ಆಗುತ್ತದೆ. ಗಾಳಿ ಸಮವಾದ ಮೇಲೆ ಶಕ್ತಿಯೂ ಹೆಚ್ಚುಕಡಮೆ ಸಮವಾದರೆ ಅದರಲ್ಲಿ ವಿಸ್ಮಯವೇನೂ ಇಲ್ಲ. ಸಣ್ಣ ಪಾತ್ರೆಯಿಂದ ಬೇಗಬೇಗನೆ ಮೊಗೆದರೂ ದೊಡ್ಡ ಪಾತ್ರೆಯಿಂದ ನಿಧಾನವಾಗಿ ಮೊಗೆದರೂ ತೊಟ್ಟಿಗೆ ಬೀಳುವ ನೀರು ಅಷ್ಟೇ.

ಆದರೆ ಬೇಗಬೇಗನೆ ಮೊಗೆಯುವುದಕ್ಕೆ ಬೆಲೆಯುಂಟು. 1.83 ಮೀಟರ್ ವ್ಯಾಸದ ಪ್ರೊಪೆಲರು ನಿಮಿಷಕ್ಕೆ 2700 ಸಲ ಸುತ್ತಿದಾಗ ಅದರ ತುದಿಯ ವೇಗವು ಸೆಕೆಂಡಿಗೆ ಸುಮಾರು 259 ಮೀಟರು. 6000 ಸುತ್ತುಗಳ ದಂಡಕ್ಕೆ ಅದನ್ನು ನೇರವಾಗಿ ಜೋಡಿಸಿದರೆ ತುದಿಯ ವೇಗವು 575 ಮೀಟರಾಗಿ, 340 ಮೀಟರುಗಳ ಶಬ್ದವೇಗವನ್ನು ಬಹುದೂರ ಮೀರುತ್ತದೆ. ಅಂಥ ಪ್ರೊಪೆಲರು ಗದ್ದಲವನ್ನು ಮಾಡೀತೇ ವಿನಾ ವಿಮಾನವನ್ನು ಚೆನ್ನಾಗಿ ಎಳೆಯಲಾರದು. ಆದಕಾರಣ ನಡುವೆ ವೇಗವನ್ನು ಇಳಿಸುವ ಹಲ್ಲುಗಾಲಿಗಳ ಪೆಟ್ಟಿಗೆಯೊಂದು ಅನಿವಾರ್ಯವಾಗುತ್ತದೆ. ಹವ್ಯಾಸಿಗಳು ಬಳಸಿರುವ ಪ್ರಮಾಣಗಳಲ್ಲಿ 2.17ಕ್ಕೆ 1, 2.85ಕ್ಕೆ 1 ಎಂಬವು ಪ್ರಸಿದ್ಧವಾದವು. ಮೊದಲನೆಯ ಪ್ರಮಾಣದಿಂದ 6000 ಸುತ್ತುಗಳು ಸುಮಾರು 2765ಕ್ಕೆ ಇಳಿಯುತ್ತವೆ; ಲೈಕಮಿಂಗ್ ಯಾವ ಪೆಟ್ಟಿಗೆಯೂ ಇಲ್ಲದೆ ನಿಂತಿದ್ದ ಸ್ಥಳಕ್ಕೆ ನಾವು ಬಳಸುದಾರಿಯಿಂದ ಬಂದು ಸೇರಿದಂತಾಯಿತು.

ಎರಡನೆಯದು ಸರಳತೆಯ ವಾದ. ಎರಡು ರೋಟರುಗಳ ಎಂಜಿನಿನಲ್ಲಿ ಮುಖ್ಯವಾಗಿ ಚಲಿಸುವ ಅಂಗಗಳು ಮೂರೇ: ರೋಟರುಗಳೆರಡು, ದಂಡವೊಂದು. ಕವಾಟವಿಲ್ಲ, ಕವಾಟವನ್ನೆತ್ತುವ ಕ್ಯಾಮಿಲ್ಲ, ಪಿಸ್ಟನ್ನನ್ನು ದಂಡಕ್ಕೆ ಕಟ್ಟುವ ಕಡ್ಡಿಯಿಲ್ಲ. ಹಿಂದುಮುಂದಕ್ಕೆ ಓಲಾಡುವ ಭಾರವೇ ಇಲ್ಲದುದರಿಂದ ಅದರ ಓಟವು ನಯವಾದದ್ದು. ಇದೆಲ್ಲವೂ ನಿಜ, ಯಂತ್ರದ ಈ ಸೊಗಸನ್ನು ಕಂಡು ಮೆಚ್ಚದಿರುವವನು ಯಂತ್ರಶಾಸ್ತ್ರದ ರಸಿಕನಲ್ಲ. ಆದರೆ ಇಲ್ಲಿ ‘ಎಂಜಿನು’ ಎಂಬುದಕ್ಕೂ ‘ವಿಮಾನದ ಶಕ್ತಿಸ್ಥಾಪನೆ’ ಎಂಬುದಕ್ಕೂ ಇರುವ ಭೇದವು ಮರೆತುಹೋಗುತ್ತದೆ. ವಿಮಾನದ ಲೈಕಮಿಂಗ್ ಎಂಜಿನನ್ನು ಎದುರುಗಾಳಿಯೇ ತಣಿಸುತ್ತದೆ. ಅದರ ಮ್ಯಾಗ್ನೆಟೊಗಳೆರಡೂ ಬ್ಯಾಟರಿಯ ಹಂಗಿಲ್ಲದೆ ಕಿಡಿಯನ್ನು ಕೊಡುತ್ತವೆ. ಪ್ರೊಪೆಲರು ದಂಡದ ತುದಿಯಲ್ಲಿಯೇ ಕುಳಿತಿರುತ್ತದೆ. ರೋಟರಿ ಎಂಜಿನನ್ನು ಕೂರಿಸುವವನು ನೀರಿನ ರೇಡಿಯೇಟರನ್ನೂ, ಎಣ್ಣೆಯನ್ನು ತಣಿಸಲು ಮತ್ತೊಂದನ್ನೂ, ಅವುಗಳಿಗೆ ಗಾಳಿಯ ನಾಳಗಳನ್ನೂ, ಪಂಪುಗಳನ್ನೂ, ವಿದ್ಯುತ್ತನ್ನೇ ಅವಲಂಬಿಸಿದ ಇಂಧನ ಹಾಗೂ ಕಿಡಿಯ ನಿಯಂತ್ರಣವನ್ನೂ, ವೇಗವಿಳಿಸುವ ಪೆಟ್ಟಿಗೆಯನ್ನೂ ತಾನೇ ಒದಗಿಸಬೇಕು. ಎಂಜಿನಿನೊಳಗಿಂದ ಹೊರಗೆ ಹಾಕಿದ ಜಟಿಲತೆಯು ಎಂಜಿನಿನ ಸುತ್ತಲೂ ಬಂದು ಕುಳಿತಿತು. ಈ ಸಲಕರಣೆಗಳೆಲ್ಲವನ್ನೂ ಸೇರಿಸಿ ತೂಗಿದಾಗ ಒಡಲಿನ ಹಗುರತೆಯ ಲಾಭವೂ ಬಹುಮಟ್ಟಿಗೆ ಕರಗಿಹೋಗುತ್ತದೆ.

ತಣಿಸುವಿಕೆಯ ವಿಷಯವನ್ನು ಇನ್ನಷ್ಟು ವಿವರಿಸುವುದು ಅವಶ್ಯಕ. ರೋಟರಿಯ ದಹನಕೋಶವು ಉದ್ದವೂ ತೆಳುವೂ ಆದದ್ದು. ಅದರ ಗಾತ್ರಕ್ಕೆ ಹೋಲಿಸಿದರೆ ಗೋಡೆಗಳ ವಿಸ್ತಾರ ಹೆಚ್ಚು. ಆದುದರಿಂದ ಉರಿಯ ಶಾಖವು ಗೋಡೆಗಳಿಗೆ ಹೆಚ್ಚಾಗಿ ಸೋರುತ್ತದೆ. ಮೂಲೆಗಳಲ್ಲಿ ಇಂಧನವು ಪೂರ್ತಿಯಾಗಿ ಉರಿಯದೆ ಉಳಿಯುತ್ತದೆ. ಹೊಗೆಯು ಅತ್ಯಂತ ಬಿಸಿಯಾಗಿಯೂ ಮಹಾಶಬ್ದದೊಡನೆಯೂ ಹೊರಬೀಳುತ್ತದೆ. ಇಂಧನವ್ಯಯವು ಹೆಚ್ಚಾಗುವುದಕ್ಕೂ ಶಬ್ದಶಾಮಕ ಕೊಳವೆಗಳು ಬೇಗನೆ ಸುಟ್ಟುಹೋಗುವುದಕ್ಕೂ ಇದೇ ಕಾರಣ. ಕಾರಿನಲ್ಲಿ ಪೂರ್ಣಶಕ್ತಿಯನ್ನು ಕೇಳುವುದು ಕ್ಷಣಕಾಲ ಮಾತ್ರ. ವಿಮಾನವಾದರೋ ನೆಲವನ್ನು ಬಿಟ್ಟು ಮೇಲೇರುವಾಗ ನಿಮಿಷಗಟ್ಟಲೆ ಪೂರ್ಣಶಕ್ತಿಯನ್ನು ಕೇಳುತ್ತದೆ. ಆಗಲೇ ವಿಮಾನದ ವೇಗವು ಕಡಮೆ, ರೇಡಿಯೇಟರಿಗೆ ಬರುವ ಗಾಳಿಯೂ ಕಡಮೆ. ಶಾಖವು ಅತ್ಯಧಿಕವಾದ ಗಳಿಗೆಯೂ ತಣಿಸುವ ಗಾಳಿಯು ಅತ್ಯಲ್ಪವಾದ ಗಳಿಗೆಯೂ ಒಂದೇ ಆಗಿರುವುದು ಈ ಸಮಸ್ಯೆಯ ತಿರುಳು. ರೇಡಿಯೇಟರನ್ನು ದೊಡ್ಡದು ಮಾಡಿದರೆ ಮುಂದೆ ಸಮತಲದಲ್ಲಿ ಹಾರುವಾಗ ಅದೇ ಎಳೆದು ಹಿಡಿಯುವ ತಡೆಯಾಗುತ್ತದೆ.

ಮೂರನೆಯ ವಾದವೇ ಅತ್ಯಂತ ಗಂಭೀರವಾದದ್ದು. ಏಕೆಂದರೆ ಇಲ್ಲಿ ಪಣವಾಗಿರುವುದು ಹಾರುವವನ ಪ್ರಾಣ. ಪಿಸ್ಟನ್ ಎಂಜಿನಿನಲ್ಲಿ ಕಡ್ಡಿಯೋ ಕವಾಟವೋ ಮುರಿದರೆ ಅದು ಕ್ಷಣಮಾತ್ರದಲ್ಲಿ ನಿಲ್ಲಬಹುದು. ರೋಟರಿಯಲ್ಲಿ ರೋಟರಿನ ತುದಿಯ ಮುದ್ರಿಕೆ ಕೆಟ್ಟರೆ ಶಕ್ತಿ ಕುಂದುತ್ತದೆಯಾದರೂ ಓಟ ನಿಲ್ಲುವುದಿಲ್ಲ, ನೆಲಕ್ಕೆ ತಲುಪುವಷ್ಟು ಶಕ್ತಿ ಉಳಿದೀತು ಎಂಬುದು ಈ ವಾದ. ಅಲ್ಯೂಮಿನಿಯಮ್ಮಿನ ಕೋಶವು ಎರಕದ ಕಬ್ಬಿಣದ ರೋಟರಿಗಿಂತ ಹೆಚ್ಚಾಗಿ ಹಿಗ್ಗುವುದರಿಂದ ಅತಿಯಾಗಿ ಕಾದಾಗಲೂ ಅದು ಬಿಗಿದುಕೊಳ್ಳಲಾರದು ಎಂದು ಸಹ ಹೇಳುತ್ತಾರೆ. ಈ ಮಾತುಗಳಲ್ಲಿ ಸತ್ಯಾಂಶವಿದೆ. ಎನ್‌ಎಸ್‌ಯು ಸಂಸ್ಥೆಯು 1967ರಲ್ಲಿ ಹೊರತಂದ ಆರ್‌ಓ 80 ಕಾರಿನಲ್ಲಿ ಮುದ್ರಿಕೆಗಳು ಬೇಗನೆ ಸವೆದು ಸಂಸ್ಥೆಗೆ ಅಪಾರ ನಷ್ಟವಾದುದು ನಿಜವಾದರೂ, ಮಾಜ್ದಾ ಆ ದೋಷವನ್ನು ಬಹುಮಟ್ಟಿಗೆ ಗೆದ್ದಿತು. 1991ರಲ್ಲಿ ಲೆ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಅದರ ನಾಲ್ಕು ರೋಟರುಗಳ ಕಾರು ಗೆದ್ದುದು ಸಹನಶಕ್ತಿಗೆ ಸಾಲದ ಸಾಕ್ಷ್ಯವೇನಲ್ಲ.

ಆದರೆ ಪ್ರಶ್ನೆ ಬೇರೆಯೇ ಇದೆ. ವಿಮಾನವನ್ನು ಕೆಳಗಿಳಿಸುವುದು ರೋಟರಿನ ಮುರಿತವೇ? ಇಂಧನದ ಕೊಳವೆಯಲ್ಲಿ ಆವಿ ಕಟ್ಟಿಕೊಂಡರೆ, ನೀರಿನ ರಬ್ಬರು ನಾಳ ಜಾರಿದರೆ, ವಿದ್ಯುತ್ತಿನ ಒಂದು ತಂತಿ ಸಡಿಲವಾದರೆ, ವೇಗವಿಳಿಸುವ ಪೆಟ್ಟಿಗೆಯ ಜೋಡಣೆಯು ತಿರುಚು ಕಂಪನದಿಂದ ಬಿರಿದರೆ, ರೋಟರು ಎಷ್ಟು ಗಟ್ಟಿಯಾಗಿದ್ದರೇನು? ಕಿಡಿಯಿಲ್ಲದ ಎಂಜಿನು ಯಾವ ಜಾತಿಯದಾದರೂ ನಿಲ್ಲುವುದು. ಮುನ್ನೂರು ಅಡಿಗಳ ಎತ್ತರದಲ್ಲಿ ಮೌನವನ್ನು ಕೇಳುವವನಿಗೆ ಒಡಲು ಕೆಟ್ಟಿತೇ ಪರಿವಾರ ಕೆಟ್ಟಿತೇ ಎಂಬ ಭೇದವು ಪ್ರಯೋಜನಕ್ಕೆ ಬಾರದು. ಇಲ್ಲಿ ಎರಡು ಪಕ್ಷಗಳೂ ತಪ್ಪುತ್ತವೆಂದು ನಮಗೆ ತೋರುತ್ತದೆ. ವಿರೋಧಿಗಳು ಕೊಳವೆಯ ದೋಷವನ್ನು ರೋಟರಿನ ಮೇಲೆ ಹೊರಿಸಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಮಾಡುತ್ತಾರೆ. ಪಕ್ಷಪಾತಿಗಳು ಅದನ್ನು ಬಿಡಿಸಿ ತೋರಿಸಿದೊಡನೆ ತಮ್ಮ ಎಂಜಿನು ನಿರ್ದೋಷಿಯೆಂದು ಸಂತೋಷಪಡುತ್ತಾರೆ. ಆ ಕೊಳವೆಯು ಅಲ್ಲಿಗೆ ಬಂದದ್ದೇ ಆ ಎಂಜಿನಿನ ದೆಸೆಯಿಂದ ಎಂಬುದನ್ನು ಮರೆಯುತ್ತಾರೆ.

ಸಾಕ್ಷ್ಯದ ಸ್ವರೂಪದ ಬಗೆಗೂ ಎಚ್ಚರಿಕೆ ಬೇಕು. ಈ ಎಂಜಿನಿನಿಂದ ನೂರಾರು ಗಂಟೆ ಹಾರಿದವನು ತನ್ನ ಅನುಭವವನ್ನು ಉತ್ಸಾಹದಿಂದ ಬರೆಯುತ್ತಾನೆ. ಹತ್ತು ವರ್ಷ ದುಡಿದು, ಕಾವು ಇಳಿಯದೆ, ಕೊನೆಗೆ ಎಂಜಿನನ್ನು ಕಿತ್ತು ಲೈಕಮಿಂಗನ್ನು ಕೂರಿಸಿದವನು ಮೌನವಾಗಿರುವುದೇ ಹೆಚ್ಚು. ಊರು ಸೇರಿದವರ ಮಾತಿನಿಂದ ಮಾತ್ರ ದಾರಿಯ ಕಷ್ಟವನ್ನು ಅಳೆಯಲಾಗದು. ಅಮೆರಿಕದ ವಿಮಾನಯಾನ ಇಲಾಖೆಯ ಸಾಮಾನ್ಯ ಪದ್ಧತಿಯಂತೆ ಪ್ರಮಾಣಿತ ಎಂಜಿನು ಹಾಗೂ ಪ್ರೊಪೆಲರಿನ ಜೋಡಿಯುಳ್ಳ ಸ್ವನಿರ್ಮಿತ ವಿಮಾನಕ್ಕೆ 25 ಗಂಟೆಗಳ ಪರೀಕ್ಷಾರ್ಥ ಹಾರಾಟವನ್ನೂ, ಅಲ್ಲದಿದ್ದರೆ 40 ಗಂಟೆಗಳನ್ನೂ ವಿಧಿಸುತ್ತಾರೆ. ಹೆಚ್ಚಿನ ಆ ಹದಿನೈದು ಗಂಟೆಗಳಲ್ಲಿ ಇಡೀ ವಿವಾದದ ತೀರ್ಪಿನ ಒಂದಂಶವು ಅಡಗಿದೆ.

ಹಾಗಾದರೆ ರೋಟರಿಗೆ ಆಕಾಶದಲ್ಲಿ ಎಡೆಯೇ ಇಲ್ಲವೇ? ಉಂಟು. ಜರ್ಮನಿಯ ಶ್ಲೈಕರ್ ಸಂಸ್ಥೆಯ ಎಎಸ್‌ಎಚ್ 26ಇ ಎಂಬ ಗ್ಲೈಡರು ಸುಮಾರು 50 ಅಶ್ವಶಕ್ತಿಯ ಒಂದು ರೋಟರಿನ ಎಂಜಿನಿನಿಂದ ತಾನೇ ಮೇಲೇರಿ, ಅನಂತರ ಪ್ರೊಪೆಲರನ್ನು ಒಡಲೊಳಗೆ ಮಡಚಿಕೊಳ್ಳುತ್ತದೆ. ಅಮೆರಿಕದ ಶ್ಯಾಡೋ ಎಂಬ ಚಾಲಕರಹಿತ ವಿಮಾನವೂ ರೋಟರಿಯಿಂದಲೇ ಹಾರಿತು. ನಮ್ಮ ನಾಡಿನ ಉದಾಹರಣೆಯೂ ಇದೆ: ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ವೈಮಾನಿಕ ಅಭಿವೃದ್ಧಿ ಸಂಸ್ಥೆಯೂ ಅಹಮದ್‌ನಗರದ ವಾಹನ ಸಂಶೋಧನ ಸಂಸ್ಥೆಯೂ ಕೂಡಿ ನಿರ್ಮಿಸಿದ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನು 2009ರಲ್ಲಿ ಕೋಲಾರದ ಬಳಿ ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ಹಾರಿಸಿತು. ಈ ಮೂರರಲ್ಲಿಯೂ ಎಂಜಿನಿನ ಅಲ್ಪಗಾತ್ರಕ್ಕೆ ನಿಜವಾದ ಬೆಲೆಯಿದೆ. ಎಂಜಿನು, ತಣಿಸುವಿಕೆ, ಒಡಲು ಎಲ್ಲವನ್ನೂ ಒಂದೇ ಸಮಸ್ಯೆಯೆಂದು ಭಾವಿಸಿ ಬಿಡಿಸಿದ ತಜ್ಞರ ಕೂಟವಿದೆ. ಏಕಾಕಿಯಾದ ಹವ್ಯಾಸಿಗೆ ಇಲ್ಲದಿರುವುದು ಈ ಕೂಟವೇ.

ಅಗ್ಗದ ಮಾತಿಗೂ ಎರಡು ವಾಕ್ಯಗಳು ಸಾಕು. ಮಾಜ್ದಾ ಸಂಸ್ಥೆಯು ರೋಟರಿಯಿಂದ ಚಕ್ರಗಳನ್ನೋಡಿಸುವ ಕಾರುಗಳನ್ನು 2012ರಲ್ಲಿ ನಿಲ್ಲಿಸಿತು. 2023ರಲ್ಲಿ ಅದು ಮರಳಿ ತಂದ ರೋಟರಿಯು ವಿದ್ಯುತ್ತನ್ನು ಉತ್ಪಾದಿಸುವ ಸಹಾಯಕ ಮಾತ್ರ. ಹಳೆಯ ಕಾರುಗಳ ರಾಶಿಯಿಂದ ಎಂಜಿನನ್ನು ಅಗ್ಗವಾಗಿ ತರುವ ದಾರಿಯು ವರ್ಷವರ್ಷಕ್ಕೂ ಕಿರಿದಾಗುತ್ತಿದೆ.

ಅಮೆರಿಕದ ಕಾನೂನು ಸ್ವನಿರ್ಮಿತ ವಿಮಾನವನ್ನು ಒಪ್ಪಿಕೊಂಡಿರುವುದು ಕಟ್ಟುವವನ ಸ್ವಂತ ಶಿಕ್ಷಣ ಅಥವಾ ವಿನೋದಕ್ಕಾಗಿ. ಈ ಎರಡು ಮಾತುಗಳನ್ನೇ ನಾವು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಶಿಕ್ಷಣವನ್ನು ಬಯಸುವವನಿಗೆ ರೋಟರಿಯಂಥ ಗುರು ದೊರೆಯುವುದು ಕಷ್ಟ. ಶಾಖ, ಕಂಪನ, ಇಂಧನ, ವಿದ್ಯುತ್ತು ಎಲ್ಲವನ್ನೂ ಅದು ಕಲಿಸುತ್ತದೆ. ಆದರೆ ಹಾರಾಟದ ವಿನೋದವನ್ನು ಮಾತ್ರ ಬಯಸಿ, ಪಕ್ಕದಲ್ಲಿ ಹೆಂಡತಿಯನ್ನೋ ಮಗುವನ್ನೋ ಕೂರಿಸಿಕೊಳ್ಳಬಯಸುವವನು ‘ಸರಳ’ ಎಂಬ ಮಾತಿಗೆ ಮರುಳಾಗಬಾರದು. ನಮ್ಮ ತರಗತಿಗಳಲ್ಲಿ ಈ ಎಂಜಿನಿನ ಚಿತ್ರವನ್ನು ಬರೆದು ಚಲಿಸುವ ಅಂಗಗಳು ಮೂರೇ ಎಂದು ಹೇಳಿ ಮುಗಿಸುವುದು ವಾಡಿಕೆ. ಆ ಚಿತ್ರದ ಸುತ್ತ ರೇಡಿಯೇಟರು, ನಾಳ, ತಂತಿ, ಹಲ್ಲುಗಾಲಿಗಳನ್ನೂ ವಿದ್ಯಾರ್ಥಿಗಳಿಂದ ಬರೆಯಿಸಿ, ಅನಂತರ ಅಂಗಗಳನ್ನು ಎಣಿಸಲು ಹೇಳಬೇಕೆಂಬುದು ನಮ್ಮ ಸೂಚನೆ.