ಪಂಕಜದ ಪಾಠ: ಇಂಗ್ಲಿಷಿನ ಪ್ರೌಢ ಪದಗಳ ಕಲಿಕೆಯಲ್ಲಿ ಪದಮೂಲ ವಿಧಾನ

ಸಾರಾಂಶ: ಗ್ರೀಕ್ ಮತ್ತು ಲ್ಯಾಟಿನ್ ಪದಮೂಲಗಳ ಮೂಲಕ ಇಂಗ್ಲಿಷಿನ ಪ್ರೌಢ ಪದಗಳನ್ನು ಕಲಿಸುವ ವಿಧಾನವನ್ನು ನಾರ್ಮನ್ ಲೂಯಿಸರ ಪ್ರಸಿದ್ಧ ಕೈಪಿಡಿಯನ್ನು ಆಧರಿಸಿ ಇಲ್ಲಿ ವಿಮರ್ಶಿಸಲಾಗಿದೆ. ಭಾರತೀಯ ಅರ್ಥಮೀಮಾಂಸೆಯ ಯೌಗಿಕ, ರೂಢ, ಯೋಗರೂಢ ಎಂಬ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ, ಈ ವಿಧಾನವು ಯೋಗರೂಢ ಪದಗಳನ್ನು ಯೌಗಿಕ ಪದಗಳಂತೆ ಓದಿಸುತ್ತದೆ. ಕನ್ನಡದ ಒಂಟಿ ಸಮಾನಪದಗಳು ಈ ದೋಷವನ್ನು ಇಮ್ಮಡಿಗೊಳಿಸುತ್ತವೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಶಬ್ದಸಂಪತ್ತು, ವ್ಯುತ್ಪತ್ತಿ, ಯೋಗರೂಢಿ, ಸಹಪ್ರಯೋಗ, ದ್ವಿಭಾಷಿಕ ಕಲಿಕೆ

1. ಪ್ರವೇಶ

ಇಂಗ್ಲಿಷಿನ ಪ್ರೌಢ ಪದಗಳನ್ನು ಸ್ವಪ್ರಯತ್ನದಿಂದ ಕಲಿಯಬಯಸುವ ಭಾರತೀಯ ವಿದ್ಯಾರ್ಥಿಯ ಕೈಗೆ ಮೊದಲು ಸಿಗುವ ಪುಸ್ತಕಗಳಲ್ಲಿ ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ ಒಂದು. ಅಮೆರಿಕದಲ್ಲಿ 1949ರಲ್ಲಿ ಪ್ರಕಟವಾದ ಈ ಕೃತಿ ಏಳು ದಶಕಗಳ ಬಳಿಕವೂ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳ ಮೇಜಿನ ಮೇಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಸಂಶೋಧನೆಗೆ ಬಂದ ವಿದ್ಯಾರ್ಥಿಗಳೂ ಇಂತಹ ಕೈಪಿಡಿಗಳನ್ನೇ ಆಶ್ರಯಿಸುತ್ತಾರೆ. ಆದ್ದರಿಂದ ಇದನ್ನು ಕೇವಲ ಜನಪ್ರಿಯ ಕೃತಿಯೆಂದು ಬದಿಗಿರಿಸದೆ, ಇದರ ಹಿಂದೆ ಅಡಗಿರುವ ಅರ್ಥಸಿದ್ಧಾಂತವನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

2. ವಿಧಾನದ ಸ್ವರೂಪ ಮತ್ತು ಗುಣ

ಕೃತಿಯ ಮೊದಲ ಪಾಠ ವ್ಯಕ್ತಿತ್ವವನ್ನು ವರ್ಣಿಸುವ ಹತ್ತು ಪದಗಳಿಂದ ಆರಂಭವಾಗುತ್ತದೆ. ಈಗೊಯಿಸ್ಟ್, ಆಲ್ಟ್ರೂಯಿಸ್ಟ್, ಮಿಸಾಂತ್ರೋಪ್, ಮಿಸೊಜಿನಿಸ್ಟ್ ಮೊದಲಾದವು ಅಲ್ಲಿ ಬರುತ್ತವೆ. ಪ್ರತಿ ಪದಕ್ಕೂ ವಿವರಣೆ ನೀಡಿದ ಬಳಿಕ ಲೂಯಿಸರು ಅದರ ಮೂಲವನ್ನು ಬಿಡಿಸಿ, ಆ ಮೂಲದಿಂದ ಹುಟ್ಟಿದ ಬೇರೆ ಪದಗಳತ್ತ ಓದುಗನನ್ನು ಕರೆದೊಯ್ಯುತ್ತಾರೆ. ಮನುಷ್ಯ ಎಂಬ ಅರ್ಥದ ‘ಆಂತ್ರೋಪೋಸ್’ ಒಮ್ಮೆ ತಿಳಿದರೆ ಮಿಸಾಂತ್ರೋಪ್, ಆಂತ್ರೋಪಾಲಜಿ, ಫಿಲಾಂತ್ರೋಪಿ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಈ ವಿಧಾನದ ಗುಣಗಳನ್ನು ಅಲ್ಲಗಳೆಯಲಾಗದು. ಅದು ನೆನಪಿಗೆ ಆಸರೆ ಕೊಡುತ್ತದೆ, ಉಚ್ಚಾರಣೆಯನ್ನು ತಿದ್ದುತ್ತದೆ, ಕಲಿತದ್ದನ್ನು ಮತ್ತೆಮತ್ತೆ ನೆನಪಿಸಿಕೊಳ್ಳುವಂತೆ ಪರೀಕ್ಷೆಗಳನ್ನು ಒಡ್ಡುತ್ತದೆ. ಕನ್ನಡದ ಕಲಿಯುವವನಿಗೆ ಇದು ಹೊಸದೂ ಅಲ್ಲ. ‘ಗಮ್’ ಧಾತುವಿನಿಂದ ಆಗಮ, ನಿರ್ಗಮ, ಸಂಗಮ, ಉದ್ಗಮ ಎಂಬ ಪದಗಳನ್ನು ಬಿಡಿಸಿ ಓದುವ ಅಭ್ಯಾಸ ಅವನಿಗೆ ಇದ್ದೇ ಇದೆ. ಅವನು ಈ ಪುಸ್ತಕವನ್ನು ಸುಲಭವಾಗಿ ಒಪ್ಪಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬಹುದು.

3. ಕೆಸರು ಮತ್ತು ಕಮಲ

ಆದರೆ ಇದೇ ಪರಂಪರೆಯು ಒಂದು ಎಚ್ಚರಿಕೆಯನ್ನೂ ನಮಗೆ ಕೊಟ್ಟಿದೆ. ಅವಯವಗಳ ಅರ್ಥದಿಂದಲೇ ಅರ್ಥವಾಗುವ ಪದ ಯೌಗಿಕ. ಅವಯವಗಳ ನೆರವಿಲ್ಲದೆ ಬಳಕೆಯಿಂದಲೇ ಅರ್ಥ ನಿಂತ ಪದ ರೂಢ. ಅವಯವಾರ್ಥವಿದ್ದೂ ಬಳಕೆಯು ಅದನ್ನು ಒಂದೇ ವಸ್ತುವಿಗೆ ಕಟ್ಟಿಹಾಕಿದ ಪದ ಯೋಗರೂಢ. ಇದಕ್ಕೆ ಪ್ರಸಿದ್ಧ ಉದಾಹರಣೆ ‘ಪಂಕಜ’. ಕೆಸರಿನಲ್ಲಿ ಹುಟ್ಟುವಂಥವು ಅನೇಕ. ಪಂಕಜವೆಂದರೆ ಕಮಲ ಮಾತ್ರ. ವ್ಯುತ್ಪತ್ತಿ ಕೆಸರಿನವರೆಗೆ ಕರೆತರುತ್ತದೆ; ಅಲ್ಲಿಂದ ಕಮಲದವರೆಗೆ ತಲುಪಿಸುವುದು ಬಳಕೆ.

ಇಂಗ್ಲಿಷಿನ ಪ್ರೌಢ ಪದಗಳಲ್ಲಿ ಬಹಳಷ್ಟು ಯೋಗರೂಢಗಳು. ‘ಆರ್ಥೊಪೀಡಿಕ್ಸ್’ ಎಂಬುದನ್ನು ನೋಡಬಹುದು. ನೇರ ಎಂಬ ಅರ್ಥದ ‘ಆರ್ಥೋಸ್’, ಮಗು ಎಂಬ ಅರ್ಥದ ಗ್ರೀಕ್ ಮೂಲ, ಇವೆರಡರ ಜೋಡಣೆ ಅದು. ಫ್ರೆಂಚ್ ವೈದ್ಯ ನಿಕೊಲಾ ಆಂದ್ರಿ ಮಕ್ಕಳ ಅಂಗವಿಕಾರಗಳನ್ನು ಸರಿಪಡಿಸುವ ಕುರಿತ ತಮ್ಮ 1741ರ ಗ್ರಂಥಕ್ಕಾಗಿ ಈ ಪದವನ್ನು ಕಟ್ಟಿದರು. ಇಂದು ಮೊಣಕಾಲಿನ ಕೀಲು ಬದಲಿಸಿಕೊಳ್ಳುವ ವೃದ್ಧರೂ ಇದೇ ವಿಭಾಗಕ್ಕೆ ಹೋಗುತ್ತಾರೆ. ಪದಮೂಲ ಚರಿತ್ರೆಯನ್ನು ಹೇಳುತ್ತದೆಯೇ ಹೊರತು ಅರ್ಥವನ್ನಲ್ಲ. ‘ಈಗೊಯಿಸ್ಟ್’ ಮತ್ತು ‘ಈಗೊಟಿಸ್ಟ್’ ಎಂಬ ಪದಗಳಿಗೆ ಒಂದೇ ಮೂಲ. ಸ್ವಹಿತವನ್ನೇ ಮುಖ್ಯವೆಂದು ನಂಬುವವನಿಗೂ ತನ್ನ ಬಗ್ಗೆಯೇ ಕೊಚ್ಚಿಕೊಳ್ಳುವವನಿಗೂ ಇರುವ ಭೇದವನ್ನು ಆ ಮೂಲ ತಿಳಿಸಲಾರದು. ಇನ್ನು ಪಾದ ಎಂಬ ಅರ್ಥದ ಲ್ಯಾಟಿನ್ ಮೂಲವನ್ನು ಬಲ್ಲ ಸಂಶೋಧನಾರ್ಥಿಯು ತನ್ನ ಪ್ರಬಂಧದ ಪರಿಶೀಲನಾ ವರದಿಯಲ್ಲಿ ‘ಪೆಡೆಸ್ಟ್ರಿಯನ್’ ಎಂಬ ವಿಶೇಷಣವನ್ನು ಕಂಡರೆ ಪಾದಚಾರಿಯನ್ನು ನೆನೆದಾನು. ತನ್ನ ವಿಶ್ಲೇಷಣೆ ನೀರಸವೆಂದು ಪರಿಶೀಲಕರು ಹೇಳಿರುವುದು ಅವನಿಗೆ ತಿಳಿಯದೇ ಹೋಗಬಹುದು.

ಕಲಿಯುವವನಿಗೆ ತಾನು ಅರ್ಥಮಾಡಿಕೊಂಡೆನೆಂಬ ಭ್ರಮೆ ಹುಟ್ಟಿಸುವ ಇಂತಹ ಪದಗಳನ್ನು ಬಾಟಿಯಾ ಲೌಫರ್ ಅವರು ಭ್ರಾಮಕ ಪಾರದರ್ಶಕತೆಯುಳ್ಳ ಪದಗಳೆಂದು ಗುರುತಿಸಿದ್ದಾರೆ. ಗೊತ್ತಿಲ್ಲದ ಪದ ಓದುಗನನ್ನು ನಿಘಂಟಿನತ್ತ ಕಳಿಸುತ್ತದೆ. ಗೊತ್ತಿದೆಯೆಂಬ ಭ್ರಮೆ ಹುಟ್ಟಿಸುವ ಪದ ಅವನನ್ನು ಅಲ್ಲಿಗೆ ಹೋಗಗೊಡುವುದಿಲ್ಲ. ಲೂಯಿಸರ ವಿಧಾನ ಪೂರ್ಣವಾಗಿ ಫಲಿಸುವುದು ಡರ್ಮಟಾಲಜಿ, ಕಾರ್ಡಿಯಾಲಜಿಗಳಂತಹ ಶಾಸ್ತ್ರನಾಮಗಳಲ್ಲಿ. ಅವು ವಿದ್ವಾಂಸರು ಉದ್ದೇಶಪೂರ್ವಕವಾಗಿ ಕಟ್ಟಿದ ಯೌಗಿಕ ಪದಗಳು. ಆ ಯಶಸ್ಸನ್ನು ಇಡೀ ಪದಕೋಶಕ್ಕೆ ವಿಸ್ತರಿಸುವುದೇ ದೋಷ. ಲೂಯಿಸರು ವಿವರಣೆಗಳನ್ನೂ ಕೊಡುತ್ತಾರೆಂಬುದು ನಿಜ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಸೂತ್ರದಂತಿರುವ ಮೂಲ.

4. ಒಂಟಿ ಸಮಾನಪದದ ತೊಡಕು

ಕನ್ನಡದ ಕಲಿಯುವವನಲ್ಲಿ ಈ ದೋಷ ಇಮ್ಮಡಿಯಾಗುತ್ತದೆ. ಅವನ ಟಿಪ್ಪಣಿ ಪುಸ್ತಕದ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ. ಮಿಸಾಂತ್ರೋಪ್ ಎಂದರೆ ಮಾನವದ್ವೇಷಿ, ಮಿಸೊಜಿನಿಸ್ಟ್ ಎಂದರೆ ಸ್ತ್ರೀದ್ವೇಷಿ. ಈ ಸಂಸ್ಕೃತ ಸಮಾಸಗಳು ಇಂಗ್ಲಿಷ್ ಪದದ ಅರ್ಥವನ್ನಲ್ಲ, ಅದರ ವ್ಯುತ್ಪತ್ತಿಯನ್ನು ಅವಯವಕ್ಕೆ ಅವಯವವಾಗಿ ಅನುವಾದಿಸಿದಂಥವು. ಹೀಗಾಗಿ ಪದಮೂಲ ಹೇಳಿದ್ದನ್ನೇ ಸಮಾನಪದವೂ ಹೇಳುತ್ತದೆ. ಎರಡು ಸಾಕ್ಷಿಗಳು ದೊರೆತವೆಂದು ಕಲಿಯುವವನು ತಿಳಿಯುತ್ತಾನೆ. ವಾಸ್ತವದಲ್ಲಿ ಇರುವುದು ಒಂದೇ ಸಾಕ್ಷಿ. ‘ಮಿಸೊಜಿನಿ’ ಎಂಬುದನ್ನು ಇಂದಿನ ಇಂಗ್ಲಿಷ್ ಬರಹದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಸಾಮಾಜಿಕ ವ್ಯವಸ್ಥೆಗೂ ಬಳಸುತ್ತಾರೆ. ಒಬ್ಬ ವ್ಯಕ್ತಿಯ ಹಗೆತನವನ್ನೇ ಸೂಚಿಸುವ ‘ದ್ವೇಷ’ ಆ ವ್ಯಾಪ್ತಿಯನ್ನು ಮುಟ್ಟುವುದಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಸಂಗ ‘ಇನ್ಫರ್’ ಎಂಬ ಕ್ರಿಯಾಪದದ್ದು. ನ್ಯಾಯಶಾಸ್ತ್ರದ ಪರಿಭಾಷೆಯಂತೆ ಇದಕ್ಕೆ ‘ಅನುಮಾನಿಸು’ ಎಂಬುದು ಸರಿಯಾದ ಸಮಾನಪದ. ಆದರೆ ಇಂದಿನ ಕನ್ನಡದಲ್ಲಿ ‘ಅನುಮಾನ’ವೆಂದರೆ ಸಂಶಯ, ಶಂಕೆ. ಆಧಾರದಿಂದ ತೀರ್ಮಾನಕ್ಕೆ ಬರುವ ಕ್ರಿಯೆಯು ಹೀಗೆ ಕಲಿಯುವವನ ಮನಸ್ಸಿನಲ್ಲಿ ಶಂಕಿಸುವ ಕ್ರಿಯೆಯಾಗಿ ಮಾರ್ಪಡುತ್ತದೆ. ಅದನ್ನು ತಪ್ಪಿಸಲು ‘ಊಹಿಸು’ ಎಂದು ಬರೆದುಕೊಂಡರೆ ‘ಅಸ್ಯೂಮ್’, ‘ಗೆಸ್’ ಎಂಬವುಗಳಿಂದ ಅದನ್ನು ಬೇರ್ಪಡಿಸುವ ಗೆರೆ ಅಳಿಸಿಹೋಗುತ್ತದೆ. ವಾದದ ಆರಂಭದಲ್ಲಿ ಇಟ್ಟುಕೊಂಡದ್ದಕ್ಕೂ ಕೊನೆಯಲ್ಲಿ ದೊರೆತದ್ದಕ್ಕೂ ಒಂದೇ ಪದವಾದರೆ ಸಂಶೋಧನಾ ಬರಹವನ್ನು ಓದುವುದು ಹೇಗೆ?

5. ಪ್ರೌಢ ಪದ ಯಾವುದು?

ಇಲ್ಲಿ ‘ಪ್ರೌಢ’ ಎಂಬ ಕಲ್ಪನೆಯನ್ನೇ ಪ್ರಶ್ನಿಸಬೇಕಾಗುತ್ತದೆ. ಕೈಪಿಡಿಗಳ ಮಟ್ಟಿಗೆ ಪ್ರೌಢವೆಂದರೆ ಅಪರೂಪ. ಏವ್ರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿ ಬೇರೊಂದು ಚಿತ್ರ ಕೊಡುತ್ತದೆ. ಸುಮಾರು 35 ಲಕ್ಷ ಪದಗಳ ಶೈಕ್ಷಣಿಕ ಪಠ್ಯಸಂಚಯದಿಂದ ಆರಿಸಿದ 570 ಪದಕುಟುಂಬಗಳು ಅದರಲ್ಲಿವೆ. ಆ ಸಂಚಯದ ಸುಮಾರು ಶೇ. 10ರಷ್ಟನ್ನು ಇವು ಆವರಿಸುತ್ತವೆ; ಕಥಾಸಾಹಿತ್ಯದಲ್ಲಿ ಇವುಗಳ ಪಾಲು ಶೇ. 1.4 ಮಾತ್ರ. ಅಸ್ಯೂಮ್, ಇನ್ಫರ್, ಅಡ್ಜಸ್ಟ್ ಮೊದಲಾದವು ಈ ಪಟ್ಟಿಯಲ್ಲಿವೆ. ನೋಡಲು ಇವು ಕಠಿಣವಲ್ಲ. ಆದುದರಿಂದಲೇ ಯಾರೂ ಇವನ್ನು ಕಲಿಸುವುದಿಲ್ಲ.

ಇವುಗಳಲ್ಲಿ ಕೆಲವನ್ನು ಕನ್ನಡಿಗರು ಆಗಲೇ ಬಲ್ಲರು, ಆದರೆ ಕನ್ನಡದ ಪದಗಳಾಗಿ. ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದಾಗ ಕೋರಿಕೆಯಿರುವುದು ಮತ್ತೊಬ್ಬರಿಗಾಗಿ ಅನನುಕೂಲವನ್ನು ಸಹಿಸಿಕೊಳ್ಳಿ ಎಂದು. ಕನ್ನಡವು ಈ ಎರವಲು ಪದಕ್ಕೆ ‘ಮಾಡು’, ‘ಆಗು’ ಎಂಬ ಸಹಾಯಕ ಕ್ರಿಯಾಪದಗಳನ್ನು ಸೇರಿಸಿ ಭೇದವನ್ನು ತೋರುತ್ತದೆ. ಇಂಗ್ಲಿಷಿನಲ್ಲಿ ಅದೇ ಭೇದವನ್ನು ಕ್ರಿಯಾಪದದ ಮುಂದೆ ಬರುವ ಕರ್ಮ ಅಥವಾ ಉಪಸರ್ಗ ತೋರಬೇಕು. ಹಣದುಬ್ಬರಕ್ಕೆ ತಕ್ಕಂತೆ ಅಂಕಿಗಳನ್ನು ಹೊಂದಿಸುವ ಅರ್ಥಶಾಸ್ತ್ರದ ‘ಅಡ್ಜಸ್ಟ್’ ಬಸ್ಸಿನ ಅರ್ಥದಿಂದ ಬಹುದೂರ. ಹಾಗೆಯೇ ಕನ್ನಡದಲ್ಲಿ ‘ವಿಷಯವನ್ನು ಚರ್ಚಿಸಿದರು’, ‘ವಿಷಯದ ಬಗ್ಗೆ ಚರ್ಚಿಸಿದರು’ ಎರಡೂ ಸಾಧು. ಇಂಗ್ಲಿಷಿನ ‘ಡಿಸ್ಕಸ್’ ಶಿಷ್ಟ ಬಳಕೆಯಲ್ಲಿ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ‘ಉಂಟುಮಾಡು’ ಎಂಬುದು ಸಂತೋಷಕ್ಕೂ ತೊಂದರೆಗೂ ಒಗ್ಗುತ್ತದೆ. ‘ಕಾಸ್’ ಎಂಬ ಕ್ರಿಯಾಪದದ ಸಹಪ್ರಯೋಗಗಳು ಹೆಚ್ಚಾಗಿ ಹಾನಿ, ತೊಂದರೆ, ರೋಗಗಳು. ಇವುಗಳಲ್ಲಿ ಯಾವುದನ್ನೂ ಪದಮೂಲ ತಿಳಿಸದು.

ಪದವನ್ನು ಬಲ್ಲೆವೆಂದರೆ ರೂಪ, ಅರ್ಥ, ಬಳಕೆ ಮೂರನ್ನೂ ಬಲ್ಲೆವೆಂದು ಅರ್ಥವೆಂಬ ಪಾಲ್ ನೇಶನ್ ಅವರ ನಿರೂಪಣೆ ಈ ಕ್ಷೇತ್ರದಲ್ಲಿ ಸುಪರಿಚಿತ. ಪದಮೂಲ ವಿಧಾನವು ರೂಪವನ್ನು ಚೆನ್ನಾಗಿ ಕಲಿಸುತ್ತದೆ, ಅರ್ಥವನ್ನು ಅರ್ಧ ಕಲಿಸುತ್ತದೆ, ಬಳಕೆಯನ್ನು ಬಹುಮಟ್ಟಿಗೆ ಓದುಗನಿಗೇ ಬಿಡುತ್ತದೆ.

6. ಉಪಸಂಹಾರ

ಪದಮೂಲಗಳನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅವುಗಳ ಸ್ಥಾನವನ್ನು ಬದಲಿಸಬೇಕೆಂಬುದು ನಮ್ಮ ನಿಲುವು. ಮೊದಲು ಪದವನ್ನು ಎರಡು ಮೂರು ವಾಕ್ಯಗಳಲ್ಲಿ ಕಂಡು, ಅದು ಯಾವ ಪದಗಳ ಜತೆ, ಯಾವ ವಾಕ್ಯರಚನೆಯಲ್ಲಿ ಬರುತ್ತದೆಂದು ಗುರುತಿಸಿ, ಆಮೇಲೆ ನೆನಪಿನ ಆಸರೆಯಾಗಿ ಮೂಲವನ್ನು ಸೇರಿಸಿಕೊಳ್ಳಬೇಕು. ಕನ್ನಡ ಸಮಾನಪದವನ್ನು ಬರೆದುಕೊಳ್ಳುವಾಗ ಅದು ಎಲ್ಲಿ ಹೊಂದುವುದಿಲ್ಲವೆಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು. ‘ಇನ್ಫರ್’ ಎದುರು ‘ಅನುಮಾನಿಸು, ಶಂಕಿಸು ಅಲ್ಲ’ ಎಂಬ ಒಂದು ಸಾಲಿನ ಟಿಪ್ಪಣಿ ಹತ್ತು ಸಮಾನಪದಗಳಿಗಿಂತ ಹೆಚ್ಚು ಉಪಯುಕ್ತ.

ಇಂತಹ ಟಿಪ್ಪಣಿಗಳನ್ನು ವಿದ್ಯಾರ್ಥಿಯೊಬ್ಬನೇ ಮಾಡಿಕೊಳ್ಳಲಾರ. ಎರಡೂ ಭಾಷೆಗಳ ಅರ್ಥವ್ಯಾಪ್ತಿಯನ್ನು ಹೋಲಿಸಿ ನೋಡಬಲ್ಲ ಭಾಷಾವಿಜ್ಞಾನಿಗಳು ಮಾಡಬೇಕಾದ ಕೆಲಸವದು. ಕಾಕ್ಸ್‌ಹೆಡ್ ಪಟ್ಟಿಯ 570 ಪದಕುಟುಂಬಗಳಿಗೆ ಕನ್ನಡದಲ್ಲಿ ಇಂತಹ ವ್ಯತಿರೇಕಿ ಟಿಪ್ಪಣಿಗಳನ್ನು ಸಿದ್ಧಪಡಿಸುವುದು ಒಂದು ವಿಭಾಗದ ಸಂಶೋಧನಾರ್ಥಿಗಳು ಕೂಡಿ ಮಾಡಬಹುದಾದ ಕೆಲಸ. ಅಲ್ಲಿಯವರೆಗೆ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯು ಇಂಗ್ಲಿಷ್ ಪ್ರಬಂಧವನ್ನು ತಪ್ಪಾಗಿ ಓದಿದಾಗ, ತಪ್ಪಿನ ಹೊಣೆಯನ್ನು ಅವನ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ.