ಮೈಗಂಟಿದ ಬಟ್ಟೆಯ ಮಾತು

ರೋಲಾ ಬಾರ್ತ್ ‘ಮಿಥಾಲಜೀಸ್’ (1957) ಪುಸ್ತಕದ ಕುಸ್ತಿಯ ಪ್ರಬಂಧದಲ್ಲಿ ಮಲ್ಲನ ಮೈಯನ್ನು ಓದುತ್ತಾನೆ: ಜೋತುಬಿದ್ದ ಮಾಂಸ ಕಂಡೊಡನೆ ಇವನು ನೀಚನೆಂದು ಜನಕ್ಕೆ ತಿಳಿಯುತ್ತದೆ. ನನ್ನ ಕುತೂಹಲ ಆ ಮೈಗಂಟಿದ ಬಟ್ಟೆಯದು.

1980ರ ದಶಕದ ಕೊನೆಯಲ್ಲಿ ಅಮೆರಿಕದ ಟಿವಿ ಕುಸ್ತಿಯ ರಿಕ್ ರೂಡ್ ರಿಂಗಿಗೆ ಬಂದು ಮೊದಲು ಮೈಕು ಹಿಡಿಯುತ್ತಿದ್ದ. ಆ ಊರಿನ ಗಂಡಸರನ್ನೆಲ್ಲ ಬೊಜ್ಜಿನವರೆಂದು ಬೈದು, ಸಂಗೀತ ಹಾಕಿಸಿ, ನಿಲುವಂಗಿ ಕಳಚಿ ಸೊಂಟ ತಿರುಗಿಸುತ್ತಿದ್ದ. ಒಳಗೆ ಚರ್ಮದಂತೆ ಕೂತ, ಚಿತ್ರ ಬರೆಸಿದ ಟೈಟ್ಸ್. ಜನ ಛೀ ಥೂ ಎನ್ನುತ್ತಿದ್ದರು, ಕಣ್ಣು ಮಾತ್ರ ಕೀಳುತ್ತಿರಲಿಲ್ಲ. ನನಗೆ ಸ್ವಾರಸ್ಯ ಕಾಣುವುದು ಇಲ್ಲೇ. ಗಂಡಸು ಇನ್ನೊಬ್ಬ ಗಂಡಸಿನ ಚೆಲುವನ್ನು ದಿಟ್ಟಿಸಲು ಬೈಗುಳವೇ ರಹದಾರಿ.

1988ರಲ್ಲಿ ಅವನು ಎದುರಾಳಿ ಜೇಕ್ ರಾಬರ್ಟ್ಸ್‌ನ ಹೆಂಡತಿಯ ಮುಖವನ್ನೇ ಟೈಟ್ಸಿನ ಮೇಲೆ ಬರೆಸಿಕೊಂಡು ಬಂದ. ಜೇಕ್ ನುಗ್ಗಿ ಬಂದು ಮೊದಲು ಕಿತ್ತದ್ದು ಆ ಬಟ್ಟೆಯನ್ನು. ನಾಟಕಕಾರನೊಬ್ಬ ಒಂದು ಅಂಕವಿಡೀ ಬರೆಯಬೇಕಾದ ಹಗೆ ಅಲ್ಲಿ ತೊಡೆಯ ಮೇಲಿತ್ತು. (ಹೆಂಗಸಿನ ಮುಖ ಇಬ್ಬರು ಗಂಡಸರ ಜಗಳದ ಬಾವುಟವಾದದ್ದು ಅಸಹ್ಯವೇ, ಚಿತ್ರ ಕೆಲಸ ಮಾಡಿದ್ದೂ ಆ ಅಸಹ್ಯದಿಂದ.)

ಬ್ರೆಟ್ ಹಾರ್ಟ್‌ನ ಗುಲಾಬಿ-ಕಪ್ಪಿನಲ್ಲಿ ಬಿಗಿ ಅಷ್ಟೇ ಇದೆ, ಆಹ್ವಾನವಿಲ್ಲ. ಅವನು ಶಾರ್ಪ್‌ಶೂಟರ್ ಪಟ್ಟು ಹಾಕಿದಾಗ ಹೆಣೆದುಕೊಂಡ ಕಾಲುಗಳಲ್ಲಿ ಯಾವುದು ಯಾರದ್ದೆಂದು ಕೊನೆಯ ಸಾಲಿನವನಿಗೂ ಬಣ್ಣ ಹೇಳುತ್ತದೆ. ಆಮೇಲೆ ಬಂದ ಸ್ಟೀವ್ ಆಸ್ಟಿನ್‌ನದು ಬರೀ ಕಪ್ಪು ಚಡ್ಡಿ, ತೋಳಿಲ್ಲದ ಚರ್ಮದ ಕೋಟು. ‘ಸಿಂಗಾರ ನನಗಲ್ಲ’ ಎನ್ನುವ ಸಿಂಗಾರ. ರೂಡ್‌ನದಕ್ಕಿಂತ ಹೆಚ್ಚು ಮೈ ಕಾಣುತ್ತಿತ್ತು. ಅದನ್ನು ನೋಡಲು ಮಾತ್ರ ಯಾರಿಗೂ ನೆಪ ಬೇಕಾದಂತೆ ನನಗೆ ಕಾಣಲಿಲ್ಲ.